ಹಳೆಯ ಕಾರಿನ ಹಿಂದಿನ ಎಡಚಕ್ರ ಓರೆಯಾಗಿದೆ: ಇಡೀ ಆಕ್ಸಲ್ ಬದಲಿಸಲೇಬೇಕೇ?

ಪ್ರಶ್ನೆ (ಬನಶಂಕರಿಯಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಇರುವುದು 2005ರಲ್ಲಿ ತಂದೆಯವರು ಕೊಂಡ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ಎರಡು ಬಾರಿ ನೋಂದಣಿ ನವೀಕರಿಸಿದ್ದೇನೆ. ಎಂಜಿನ್ ಚೆನ್ನಾಗಿದೆ, ಮಾರುವ ಯೋಚನೆಯಿಲ್ಲ. ಹಿಂಬದಿಯಲ್ಲಿ ಟಾರ್ಷನ್ ಬೀಮ್ ಆಕ್ಸಲ್ (ಎರಡು ಬದಿಯ ತೋಳುಗಳನ್ನು ತಿರುಚಿಕೊಳ್ಳಬಲ್ಲ ಒಂದೇ ಅಡ್ಡತೊಲೆಗೆ ಸೇರಿಸಿದ ಆಕ್ಸಲ್) ಮತ್ತು ಡ್ರಮ್ ಬ್ರೇಕ್ ಇವೆ. ಟೈರಿನ ಅಳತೆ 155/70 ಆರ್ 13.

ಕಳೆದ ವರ್ಷದ ಮಳೆಗಾಲದಲ್ಲಿ ಜಯನಗರದ ಒಂದು ಕ್ರಾಸಿಗೆ ಎಡಕ್ಕೆ ತಿರುಗುವಾಗ ಹಿಂದಿನ ಎಡಚಕ್ರ ಫುಟ್‌ಪಾತಿನ ಗ್ರಾನೈಟ್ ಅಂಚುಕಲ್ಲಿಗೆ ಜೋರಾಗಿ ಬಡಿಯಿತು. ನೀರು ನಿಂತಿದ್ದರಿಂದ ಕಲ್ಲು ಕಾಣಿಸಲಿಲ್ಲ. ಆಗ ರಿಮ್ಮಿನ ಅಂಚು ಸ್ವಲ್ಪ ತರಚಿದ್ದು ಬಿಟ್ಟರೆ ಬೇರೇನೂ ಆಗಿಲ್ಲವೆಂದುಕೊಂಡೆ. ಆದರೆ ಅದಾದ ಮೇಲೆ ಹಾಕಿಸಿದ ಹೊಸ ಟೈರು 7000 ಕಿಲೋಮೀಟರ್ ಓಡುವಷ್ಟರಲ್ಲಿ ಹೊರ ಅಂಚಿನಲ್ಲಿ 3.1 ಮಿ.ಮೀ.ಗೆ ಇಳಿದಿದೆ, ನಡುವೆ 5.6, ಒಳ ಅಂಚಿನಲ್ಲಿ 6 ಮಿ.ಮೀ. ಉಳಿದಿದೆ. ಸವೆತ ಸೂಚಕದ ಮಟ್ಟವಾದ 1.6 ಮಿ.ಮೀ. ಇನ್ನೇನು ದೂರವಿಲ್ಲ.

ಈ ಅವಧಿಯಲ್ಲಿ ಮೂರು ಕಡೆ ಅಲೈನ್‌ಮೆಂಟ್ ಮಾಡಿಸಿದೆ. ಮೊದಲನೆಯವರು ಕೊಟ್ಟ ಚೀಟಿಯಲ್ಲಿ ಹಿಂದಿನ ಎಡಚಕ್ರದ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) 0.62, ಬಲಚಕ್ರದ್ದು 0.05 ಎಂದಿದೆ. ಎರಡನೆಯವರ ಚೀಟಿಯಲ್ಲಿ ಎಡಕ್ಕೆ 0°36', ಬಲಕ್ಕೆ 0°04' ಎಂದಿದೆ. ಮೂರನೆಯವರದು ಮಿಲಿಮೀಟರ್ ಲೆಕ್ಕ: ಎಡ 3.8, ಬಲ 0.3. ಕ್ಯಾಂಬರ್ (ಚಕ್ರದ ಮೇಲ್ಭಾಗ ಹೊರಕ್ಕೆ ವಾಲಿದ್ದರೆ +, ಒಳಕ್ಕೆ ವಾಲಿದ್ದರೆ −) ಎಡಕ್ಕೆ +0.4 ಡಿಗ್ರಿ, ಬಲಕ್ಕೆ −0.5 ಡಿಗ್ರಿ. ಮೊದಲ ಅಂಗಡಿಯಿಂದ ಹೊರಬಂದಾಗ ಸ್ಟೀರಿಂಗ್ ನೇರವಾಗಿತ್ತು. ಎರಡನೆಯವರ ಕೆಲಸದ ನಂತರ ನೇರ ರಸ್ತೆಯಲ್ಲಿ ಹೋಗುವಾಗ ಸ್ಟೀರಿಂಗ್ ಗಡಿಯಾರದ ಸುಮಾರು ಒಂದು ನಿಮಿಷದಷ್ಟು ಬಲಕ್ಕೆ ವಾಲಿರುತ್ತದೆ. ನೈಸ್ ರಸ್ತೆಯಲ್ಲಿ ಎರಡೂ ದಿಕ್ಕಿನಲ್ಲಿ ಓಡಿಸಿ ನೋಡಿದ್ದೇನೆ, ರಸ್ತೆಯ ಇಳಿಜಾರಿನಿಂದ ಆಗುವ ಎಳೆತವಲ್ಲ.

ಒಬ್ಬರು "ಹಿಂದಿನ ಚಕ್ರಕ್ಕೆ ಅಲೈನ್‌ಮೆಂಟ್ ಅಂತ ಏನೂ ಇರೋದಿಲ್ಲ ಸಾರ್" ಎಂದರು. ಇನ್ನೊಬ್ಬರು ಇಡೀ ಆಕ್ಸಲ್ ಬದಲಿಸಬೇಕೆಂದರು. ಮೂರನೆಯವರು ಗ್ಯಾಸ್ ಕಟರ್‌ನಿಂದ ಕಾಯಿಸಿ ಎಳೆದು ಸರಿಮಾಡಿಕೊಡುತ್ತೇನೆ ಎಂದಿದ್ದಾರೆ. ದುಡ್ಡು ಖರ್ಚು ಮಾಡುವ ಮೊದಲು ದೋಷ ನಿಜವಾಗಿ ಎಲ್ಲಿದೆ ಎಂಬುದನ್ನು ತಿಳಿಯುವ ದಾರಿ ಯಾವುದು? ಮೂರು ಚೀಟಿಗಳಲ್ಲಿ ಯಾವುದನ್ನು ನಂಬಬೇಕು?

ಉತ್ತರ 1 (ಪೀಣ್ಯದಿಂದ)

ನಮಸ್ಕಾರ. ನಾನು ಟೂಲ್‌ರೂಮಿನಲ್ಲಿ ಕೆಲಸ ಮಾಡುವವನು. ಅಳತೆಯೇ ನನ್ನ ಕಸುಬು. ನಿಮ್ಮ ಮೂರು ಚೀಟಿಗಳೂ ಒಂದೇ ಮಾತನ್ನು ಹೇಳುತ್ತಿವೆ, ಮಾನ ಮಾತ್ರ ಬೇರೆ. ಮೊದಲನೆಯದು ದಶಮಾಂಶ ಡಿಗ್ರಿ, ಎರಡನೆಯದು ಡಿಗ್ರಿ ಮತ್ತು ನಿಮಿಷ. 36 ನಿಮಿಷ ಎಂದರೆ 0.60 ಡಿಗ್ರಿ, 4 ನಿಮಿಷ ಎಂದರೆ 0.07 ಡಿಗ್ರಿ. ನಿಮ್ಮ 13 ಇಂಚಿನ ರಿಮ್ಮಿನ ಹೊರ ತುಟಿಯ ವ್ಯಾಸ ಸುಮಾರು 360 ಮಿ.ಮೀ. ಇರುತ್ತದೆ. ಆ ಅಗಲದಲ್ಲಿ 0.60 ಡಿಗ್ರಿ ಎಂದರೆ 3.8 ಮಿ.ಮೀ. ಮೂರು ಬೇರೆ ಬೇರೆ ಯಂತ್ರಗಳು ಒಂದೇ ಕಡೆಗೆ ಬೆರಳು ತೋರಿಸಿರುವುದರಿಂದ ಅಳತೆಯನ್ನು ಅನುಮಾನಿಸುವ ಅಗತ್ಯವಿಲ್ಲ. ಆ ಬೆರಳು ಯಾವ ಭಾಗವನ್ನು ತೋರಿಸುತ್ತಿದೆ ಎಂಬುದನ್ನಷ್ಟೇ ಕಂಡುಹಿಡಿಯಬೇಕು.

"ಹಿಂದಿನ ಚಕ್ರಕ್ಕೆ ಅಲೈನ್‌ಮೆಂಟ್ ಇಲ್ಲ" ಎಂಬ ಮಾತು ಅರ್ಧ ಮಾತ್ರ ಸರಿ. ಟಾರ್ಷನ್ ಬೀಮಿನಲ್ಲಿ ತಿರುಗಿಸಿ ಸರಿಪಡಿಸುವ ಬೋಲ್ಟ್ ಇರುವುದಿಲ್ಲ, ನಿಜ. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಮತ್ತು ಸಿರೊಕೊ ಕಾರುಗಳ ಕಾಲದಿಂದ ಈ ವಿನ್ಯಾಸ ಸಣ್ಣ ಕಾರುಗಳಲ್ಲಿ ಬೇರೂರಲು ಅದರ ಸರಳತೆಯೇ ಕಾರಣ. ಆದರೆ ಸರಿಪಡಿಸುವ ಬೋಲ್ಟ್ ಇಲ್ಲವೆಂದ ಮಾತ್ರಕ್ಕೆ ಕೋನ ಕೆಡುವುದಿಲ್ಲ ಎಂದೇನಿಲ್ಲ. ತಾನಾಗಿ ಬದಲಾಗಬಾರದ ಕೋನ ಬದಲಾಗಿದೆ ಎಂದರೆ ಯಾವುದೋ ಭಾಗ ಬಾಗಿದೆ, ಸರಿದಿದೆ ಅಥವಾ ಸವೆದಿದೆ ಎಂದೇ ಅರ್ಥ.

ಈಗ ಲೆಕ್ಕವನ್ನು ನೋಡಿ. ಎಡಚಕ್ರದ ಟೋದಿಂದ ಬಲಚಕ್ರದ ಟೋ ಕಳೆದು ಎರಡರಿಂದ ಭಾಗಿಸಿದರೆ ಥ್ರಸ್ಟ್ ಆಂಗಲ್ ಸಿಗುತ್ತದೆ, ಅಂದರೆ ಹಿಂದಿನ ಚಕ್ರಗಳೆರಡೂ ಸೇರಿ ಕಾರನ್ನು ಯಾವ ದಿಕ್ಕಿಗೆ ನೂಕುತ್ತಿವೆ ಎಂಬುದು. ನಿಮ್ಮಲ್ಲಿ ಅದು 0.285 ಡಿಗ್ರಿ, ಬಲಕ್ಕೆ. ಕಾರು ನೇರ ಹೋಗಬೇಕಾದರೆ ಮುಂದಿನ ಚಕ್ರಗಳೂ ಅಷ್ಟೇ ಬಲಕ್ಕೆ ತಿರುಗಿರಬೇಕು. ಸ್ಟೀರಿಂಗ್ ಅನುಪಾತ 17ರ ಆಸುಪಾಸಿನಲ್ಲಿದ್ದರೆ ಸ್ಟೀರಿಂಗ್ ಚಕ್ರದಲ್ಲಿ ಅದು ಸುಮಾರು 5 ಡಿಗ್ರಿಯಾಗಿ ಕಾಣಿಸುತ್ತದೆ. ಗಡಿಯಾರದ ಒಂದು ನಿಮಿಷ 6 ಡಿಗ್ರಿ. ನಿಮ್ಮ ಕಣ್ಣಂದಾಜು ಬಹಳ ಚೆನ್ನಾಗಿದೆ. ಮೊದಲ ಅಂಗಡಿಯವರು ಈ ಓರೆಯನ್ನು ಲೆಕ್ಕಕ್ಕೆ ತೆಗೆದುಕೊಂಡು, ಸ್ಟೀರಿಂಗನ್ನು ಮುಂದಿನ ಚಕ್ರಗಳಿಗೆ ಜೋಡಿಸುವ ಟೈ ರಾಡ್‌ಗಳನ್ನು ಹೊಂದಿಸಿದ್ದಾರೆ, ಆದ್ದರಿಂದ ಸ್ಟೀರಿಂಗ್ ನೇರವಾಯಿತು. ಎರಡನೆಯವರು ಬಾಡಿಯ ನಡುಗೆರೆಗೆ ಹೊಂದಿಸಿದ್ದಾರೆ. ಎರಡರಲ್ಲೂ ಹಿಂದಿನ ದೋಷ ಇದ್ದಲ್ಲೇ ಉಳಿದಿದೆ.

ಬಹಳ ಜನ ಇಲ್ಲಿ ಎಡವುತ್ತಾರೆ. ಹಿಂದಿನ ಆಕ್ಸಲ್ ಇಡಿಯಾಗಿ ಓರೆಯಾಗಿದ್ದರೆ ಒಂದು ಚಕ್ರದ ಟೋ ಎಷ್ಟು ಹೆಚ್ಚುತ್ತದೆಯೋ ಇನ್ನೊಂದರದು ಅಷ್ಟೇ ಕಡಿಮೆಯಾಗುತ್ತದೆ. ಎರಡರ ಮೊತ್ತ ಬದಲಾಗುವುದಿಲ್ಲ. ಅಂಥ ಕಾರು ಏಡಿಯಂತೆ ಓರೆಯಾಗಿ ಓಡುತ್ತದೆಯೇ ಹೊರತು, ಎರಡೂ ಚಕ್ರಗಳು ಪರಸ್ಪರ ಸಮಾನಾಂತರವಾಗಿರುವುದರಿಂದ ಹಿಂದಿನ ಟೈರು ಬೇಗ ಸವೆಯುವುದಿಲ್ಲ. ನಿಮ್ಮಲ್ಲಿ ಬಲಚಕ್ರ ಬಹುತೇಕ ಇದ್ದಲ್ಲೇ ಇದೆ, ಎಡಚಕ್ರ ಮಾತ್ರ ಒಳಮುಖವಾಗಿದೆ, ಮೊತ್ತ 0.67 ಡಿಗ್ರಿಗೆ ಏರಿದೆ. ಓಡುವಾಗ ಎರಡೂ ಚಕ್ರಗಳು ಇದನ್ನು ಹಂಚಿಕೊಂಡು ತಲಾ 0.335 ಡಿಗ್ರಿಯಷ್ಟು ಅಡ್ಡಕ್ಕೆ ಉಜ್ಜುತ್ತವೆ. ಪ್ರತಿ ಕಿಲೋಮೀಟರಿಗೆ ಸುಮಾರು 6 ಮೀಟರ್. ನೀವು ಓಡಿಸಿದ 7000 ಕಿಲೋಮೀಟರಿನಲ್ಲಿ ಟೈರು 40 ಕಿಲೋಮೀಟರಿಗೂ ಹೆಚ್ಚು ದೂರ ಅಡ್ಡಲಾಗಿ ಉಜ್ಜಿಸಿಕೊಂಡಿದೆ.

ನನ್ನ ಮಾತು ಸರಿಯಾಗಿದ್ದರೆ ಬಲಗಡೆಯ ಟೈರಿನಲ್ಲೂ ಗುರುತು ಇರಬೇಕು. ಅದರ ಮೇಲೆ ಅಂಗೈಯನ್ನು ಅಡ್ಡಲಾಗಿ ಎಳೆದು ನೋಡಿ. ಹೊರಗಿನಿಂದ ಒಳಕ್ಕೆ ನಯವಾಗಿ ಜಾರಿ, ಒಳಗಿನಿಂದ ಹೊರಕ್ಕೆ ಗರಗಸದ ಹಲ್ಲಿನಂತೆ ತಡೆದರೆ ಅದು ಟೋ ಒಳಮುಖವಾಗಿರುವುದರ ಸಾಕ್ಷಿ. ಕ್ಯಾಂಬರ್ ಒಂದರಿಂದಲೇ ಆದ ಸವೆತದಲ್ಲಿ ಅಂಚು ಸವೆದರೂ ಹಲ್ಲು ಇರುವುದಿಲ್ಲ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಅಥವಾ ಬ್ಯಾಲೆನ್ಸಿಂಗ್ ಕಡೆ ನೋಡಬೇಕು. ಎಡಕ್ಕೆ ಕ್ಯಾಂಬರ್ ಕೂಡ ಹೊರವಾಲಿರುವುದರಿಂದ ಅಲ್ಲಿ ಎರಡು ಕಾರಣ ಒಟ್ಟಾಗಿ ಹೊರ ಅಂಚನ್ನು ತಿಂದಿವೆ.

ಮುಂದೆ ಏನು ಮಾಡಬೇಕೆಂದರೆ, ಮೊದಲು ಹಿಂದಿನ ಎಡಚಕ್ರವನ್ನು ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ (ಸಡಿಲತೆ) ಇದ್ದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್ ಸವೆದಿದೆ. ಆಗಲೂ ನಿಲ್ಲದಿದ್ದರೆ ಬುಷ್ (ಆಕ್ಸಲಿನ ಕೀಲಿನ ರಬ್ಬರು) ಅಥವಾ ಆಕ್ಸಲ್ ಕಟ್ಟಿನ ಕಡೆ ನೋಡಬೇಕು. ಆಮೇಲೆ ರಿಮ್ಮಿನ ಪಕ್ಕ ಒಂದು ಕಡ್ಡಿಯನ್ನು ಅಲುಗದಂತೆ ನಿಲ್ಲಿಸಿ ಚಕ್ರ ತಿರುಗಿಸಿ. ತಿರುಗಿದಂತೆಲ್ಲ ಕಡ್ಡಿಗೂ ರಿಮ್ಮಿಗೂ ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಬಾಗಿರುವುದು ರಿಮ್ ಅಥವಾ ಹಬ್ (ರಿಮ್ ಕೂರುವ ನಡುಭಾಗ). ಸಂದು ಒಂದೇ ಸಮ ಇದ್ದೂ ಚಕ್ರ ಓರೆಯಾಗಿಯೇ ನಿಂತಿದ್ದರೆ ಬಾಗಿರುವುದು ತಿರುಗದ ಭಾಗ, ಅಂದರೆ ಸ್ಪಿಂಡಲ್ (ಚಕ್ರ ಯಾವುದರ ಸುತ್ತ ತಿರುಗುತ್ತದೆಯೋ ಆ ಗಿಡ್ಡ ದಂಡು) ಅಥವಾ ಆಕ್ಸಲಿನ ತೋಳು. ಈ ಒಂದು ಪರೀಕ್ಷೆಯಿಂದ ಅರ್ಧ ಗೊಂದಲ ಕಳೆಯುತ್ತದೆ, ಖರ್ಚೂ ಇಲ್ಲ.

ಉತ್ತರ 2 (ಬಸವನಗುಡಿಯಿಂದ)

ಪೀಣ್ಯದವರು ಇಡೀ ಆಕ್ಸಲ್ ಓರೆಯಾಗುವುದರ ಬಗ್ಗೆ ಬರೆದದ್ದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಬಹುಕಾಲ ಅಂಬಾಸಿಡರ್ ಇತ್ತು. ಅದರ ಹಿಂದಿನ ಆಕ್ಸಲ್ ಎರಡು ಕಮಾನು ಪ್ಲೇಟುಗಳ ಮೇಲೆ ಕೂತಿರುತ್ತದೆ. ಪ್ಲೇಟುಗಳ ಕಟ್ಟನ್ನು ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆ ಆಕ್ಸಲಿನ ಗುಳಿಯಲ್ಲಿ ಕೂತು ಅದನ್ನು ಸರಿಯದಂತೆ ತಡೆಯುತ್ತದೆ. ಒಮ್ಮೆ ಆ ಬೋಲ್ಟ್ ತುಂಡಾಗಿ ಒಂದು ಬದಿಯ ಆಕ್ಸಲ್ ಹಿಂದಕ್ಕೆ ಸರಿದಿತ್ತು. ಹಿಂದಿನಿಂದ ಬರುತ್ತಿದ್ದ ನನ್ನ ತಮ್ಮ ಕಾರು ಓರೆಯಾಗಿ ಹೋಗುತ್ತಿದೆ ಎಂದು ಹೇಳುವವರೆಗೂ ನಮಗೆ ಗೊತ್ತಾಗಿರಲಿಲ್ಲ, ಏಕೆಂದರೆ ಟೈರುಗಳು ಸಮನಾಗಿಯೇ ಸವೆಯುತ್ತಿದ್ದವು.

ಆದ್ದರಿಂದ ಪ್ರಶ್ನೆ ಕೇಳಿದವರು ಎರಡೂ ಬದಿಯಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಟೇಪು ಹಿಡಿದು ಅಳೆಯಬೇಕು, ಸ್ಟೀರಿಂಗ್ ನೇರವಾಗಿರಲಿ. ಒಂದು ಬದಿ ಗಣನೀಯವಾಗಿ ಕಡಿಮೆಯಿದ್ದರೆ ಆಕ್ಸಲನ್ನು ಬಾಡಿಗೆ ಸೇರಿಸುವ ಬುಷ್‌ಗಳನ್ನು ನೋಡಿ. ಇಪ್ಪತ್ತು ವರ್ಷದ ರಬ್ಬರು ಸೀಳಿರುವ ಸಾಧ್ಯತೆ ಇದ್ದೇ ಇದೆ. ಹೊಸ ಬುಷ್ ಹಾಕಿಸಿದರೆ ಅದರ ಬೋಲ್ಟನ್ನು ಚಕ್ರಗಳು ನೆಲದ ಮೇಲೆ ಭಾರ ಹೊತ್ತು ನಿಂತಾಗಲೇ ಕೊನೆಯ ಬಿಗಿತಕ್ಕೆ ತರಬೇಕು. ಚಕ್ರಗಳು ಗಾಳಿಯಲ್ಲಿ ಜೋತಿರುವಾಗ ಬಿಗಿದರೆ ಕಾರು ಇಳಿಸಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಈ ಮಾತನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿಬಿಡಿ.

ಉತ್ತರ 3 (ಮಲ್ಲೇಶ್ವರದಿಂದ)

ಇದನ್ನು ಓದುವ ಬೇರೆ ಹಳೆಯ ಕಾರಿನವರಿಗಾಗಿ ಒಂದು ಮಾತು. ನನ್ನ 2007ರ ಸೆಡಾನಿನಲ್ಲಿ ಹಿಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದ ತೋಳುಗಳ ಮೇಲೆ ನಿಂತಿವೆ. ಅಲ್ಲಿ ಟೋ ಹೊಂದಿಸಲು ಕೆಳತೋಳಿನಲ್ಲಿ, ತಿರುಗಿಸಿದರೆ ತೋಳನ್ನು ಪಕ್ಕಕ್ಕೆ ಸರಿಸುವ ಓರೆನಡುವಿನ (ಎಕ್ಸೆಂಟ್ರಿಕ್) ಬೋಲ್ಟ್ ಇರುತ್ತದೆ. ಸಮಸ್ಯೆ ಏನೆಂದರೆ, ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಆ ಬೋಲ್ಟ್ ಬುಷ್ಷಿನೊಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಅದನ್ನು ತಿರುಗಿಸಲಾಗದೆ "ಹಿಂದೆ ಅಡ್ಜಸ್ಟ್‌ಮೆಂಟ್ ಇಲ್ಲ" ಎಂದು ಹೇಳಿ ಕಳುಹಿಸುವುದನ್ನು ನಾನು ಅನುಭವಿಸಿದ್ದೇನೆ. ಅಂಥ ಕಾರಿನಲ್ಲಿ ಹಿಂದಿನ ಸ್ಪ್ರಿಂಗ್ ಕುಗ್ಗಿದರೂ ಕ್ಯಾಂಬರ್ ಬದಲಾಗುತ್ತದೆ, ಆದ್ದರಿಂದ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಎರಡೂ ಕಡೆ ಅಳೆಯಬೇಕು. ಟಾರ್ಷನ್ ಬೀಮಿನಲ್ಲಿ ಎತ್ತರದ ಪರಿಣಾಮ ಬಹಳ ಕಡಿಮೆ, ಪ್ರಶ್ನೆ ಕೇಳಿದವರು ಅದರ ಹಿಂದೆ ಬೀಳಬೇಕಾಗಿಲ್ಲ.

ಯಾವ ಕಾರೇ ಆಗಲಿ, ಹಿಂದಿನದನ್ನು ಮೊದಲು ಸರಿಪಡಿಸಿ ಮುಂದಿನದನ್ನು ಆಮೇಲೆ ಹೊಂದಿಸಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಎರಡು ಭಾನುವಾರ ಕೂತು ಅಳೆದಿದ್ದೇನೆ. ಬಲಗಡೆಯ ಟೈರನ್ನು ಮುಟ್ಟಿ ನೋಡಿದಾಗ ನಿಜಕ್ಕೂ ಆಶ್ಚರ್ಯವಾಯಿತು: ಕಣ್ಣಿಗೆ ಸರಿಯಾಗಿ ಕಾಣುವ ಟೈರಿನಲ್ಲೂ ಒಳಗಿನಿಂದ ಹೊರಕ್ಕೆ ಕೈ ಎಳೆದರೆ ಸಣ್ಣ ಹಲ್ಲುಗಳು ತಡೆಯುತ್ತವೆ. ಬೇರಿಂಗಿನಲ್ಲಿ ಆಟವಿಲ್ಲ. ಕಡ್ಡಿಯ ಪರೀಕ್ಷೆಯಲ್ಲಿ ರಿಮ್ ಹೆಚ್ಚುಕಡಿಮೆ ನೇರವಾಗಿಯೇ ತಿರುಗಿತು.

ನಮ್ಮ ಪೋರ್ಟಿಕೋ ಮಳೆನೀರು ಹರಿಯಲೆಂದು ರಸ್ತೆಯ ಕಡೆಗೆ ಇಳಿಜಾರಾಗಿದೆ. ಗಾರೆ ಕೆಲಸದವರಿಂದ ನೀರು ತುಂಬುವ ಪಾರದರ್ಶಕ ಕೊಳವೆ ತಂದು ಮಟ್ಟ ನೋಡಿ, ತಗ್ಗಿರುವ ಕಡೆ ಹಳೆಯ ಟೈಲ್ಸ್ ಜೋಡಿಸಿದೆ. ಕಾರನ್ನು ಜಾಕಿಯಿಂದ ಇಳಿಸಿದ ತಕ್ಷಣ ಅಳೆಯದೆ, ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರಲೆಂದು ಕೆಲವು ಅಡಿ ಹಿಂದೆ ಮುಂದೆ ನೂಕಿದೆ. ಎರಡೂ ಬದಿಯಲ್ಲಿ ಹಬ್ಬಿನ ಎತ್ತರಕ್ಕೆ ಗಾರೆಯವರ ದಾರ ಕಟ್ಟಿ, ಮುಂದಿನ ಹಾಗೂ ಹಿಂದಿನ ಹಬ್‌ಗಳಿಂದ ಎಡಬಲ ದೂರ ಸಮವಾಗುವವರೆಗೆ ಹೊಂದಿಸಿದೆ. ಇದಕ್ಕೇ ಒಂದು ಗಂಟೆ ಹಿಡಿಯಿತು.

ಎಡಚಕ್ರದಲ್ಲಿ ರಿಮ್ಮಿನ ಮುಂದಿನ ತುಟಿ ಹಿಂದಿನ ತುಟಿಗಿಂತ 3.5 ಮಿ.ಮೀ. ಹೆಚ್ಚು ಒಳಗಿತ್ತು. ಕಾರನ್ನು 86 ಸೆಂ.ಮೀ., ಅಂದರೆ ಚಕ್ರದ ಅರ್ಧ ಸುತ್ತು ಮುಂದಕ್ಕೆ ಉರುಳಿಸಿ ಮತ್ತೆ ಅಳೆದಾಗ 4.1 ಬಂತು. ಸರಾಸರಿ 3.8. ಬಲಚಕ್ರದಲ್ಲಿ 0.2 ಮತ್ತು 0.6, ಸರಾಸರಿ 0.4. ದಾರ ಮತ್ತು ಸ್ಟೀಲ್ ಸ್ಕೇಲಿನಿಂದ ಯಂತ್ರದ ಅಂಕಿ ಇಷ್ಟು ಹತ್ತಿರ ಬರುತ್ತದೆಂದು ನಾನು ಎಣಿಸಿರಲಿಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಎಡಕ್ಕೂ ಬಲಕ್ಕೂ 3 ಮಿ.ಮೀ. ಮಾತ್ರ ವ್ಯತ್ಯಾಸ. ಬುಷ್‌ಗಳ ಬೋಲ್ಟಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ ಕರ್ಣಗಳನ್ನು ಅಳೆದಾಗ ಅವೂ 2 ಮಿ.ಮೀ. ಒಳಗೇ ಹೊಂದಿದವು. ಬುಷ್ಷಿನ ರಬ್ಬರಿನ ಮೇಲ್ಮೈಯಲ್ಲಿ ಸಣ್ಣ ಬಿರುಕುಗಳಿವೆ, ಸೀಳಿಲ್ಲ.

ಅಂದರೆ ಆಕ್ಸಲ್ ಸರಿದಿಲ್ಲ, ರಿಮ್ ಬಾಗಿಲ್ಲ. ಸ್ಪಿಂಡಲ್ ಅಥವಾ ತೋಳು, ಎರಡರಲ್ಲಿ ಒಂದು. ಡ್ರಮ್ ಬಿಚ್ಚಿ ನೋಡಿದಾಗ ಸ್ಪಿಂಡಲನ್ನು ತೋಳಿನ ಪ್ಲೇಟಿಗೆ ನಾಲ್ಕು ಬೋಲ್ಟುಗಳಿಂದ ಕೂರಿಸಿರುವುದು ಕಾಣಿಸಿತು. ಈಗ ಇವೆರಡರಲ್ಲಿ ಬಾಗಿರುವುದು ಯಾವುದು ಎಂದು ಹೇಗೆ ತಿಳಿಯುವುದು? ಶಿವಾಜಿನಗರದಲ್ಲಿ ಹಳೆಯ ಆಕ್ಸಲ್ ಸಿಗುತ್ತದೆ ಎನ್ನುತ್ತಾರೆ, ಅದನ್ನೇ ತಂದುಬಿಡಲೇ?

ಉತ್ತರ 4 (ಯಶವಂತಪುರದಿಂದ)

ಹಳೆಯ ಆಕ್ಸಲ್ ತರುವುದಾದರೆ ಒಂದು ವಿಷಯ ಗಮನದಲ್ಲಿರಲಿ. ಗುಜರಿಗೆ ಬರುವ ಕಾರುಗಳಲ್ಲಿ ಅಪಘಾತವಾದವೂ ಇರುತ್ತವೆ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನ ಆಕ್ಸಲ್ ನಿಮ್ಮದಕ್ಕಿಂತ ಹೆಚ್ಚು ಬಾಗಿರಬಹುದು, ಬರಿಗಣ್ಣಿಗೆ 0.6 ಡಿಗ್ರಿ ಕಾಣಿಸುವುದೇ ಇಲ್ಲ. ಎರಡೂ ತುದಿಯ ಪ್ಲೇಟುಗಳಿಗೆ ಉದ್ದನೆಯ ನೇರಪಟ್ಟಿ ಹಿಡಿದು ನೋಡದೆ ತರಬೇಡಿ.

ಕಾಯಿಸಿ ಎಳೆಯುವುದಕ್ಕೆ ಮಾತ್ರ ದಯವಿಟ್ಟು ಒಪ್ಪಬೇಡಿ. ಟಾರ್ಷನ್ ಬೀಮ್ ಪ್ರತಿ ಹಳ್ಳದಲ್ಲೂ ತಿರುಚಿಕೊಂಡು ಮರಳುವ ಉಕ್ಕಿನ ಭಾಗ. ಅದರ ಗಡಸುತನ ಜ್ವಾಲೆ ತಾಗಿದ ಕಡೆ ಬದಲಾಗುತ್ತದೆ, ಆ ಕಲೆಯ ಅಂಚಿನಲ್ಲೇ ಮುಂದೆ ಬಿರುಕು ಹುಟ್ಟುತ್ತದೆ. ಸ್ಪಿಂಡಲಿಗೂ ಇದೇ ಮಾತು. ಕುಟುಂಬವನ್ನು ಕೂರಿಸಿಕೊಂಡು ಓಡಿಸುವ ಕಾರಿನಲ್ಲಿ ಇಂಥ ರಿಪೇರಿ ಬೇಡ.

ಉತ್ತರ 5 (ಪೀಣ್ಯದಿಂದ)

ನಿಮ್ಮ ಅಳತೆಯ ಶ್ರದ್ಧೆಗೆ ನನ್ನ ಮೆಚ್ಚುಗೆ. ಚಕ್ರವನ್ನು ಅರ್ಧ ಸುತ್ತು ಉರುಳಿಸಿ ಸರಾಸರಿ ತೆಗೆದದ್ದು ಬಹಳ ಮುಖ್ಯ. ಅಂಗಡಿಯ ಯಂತ್ರವೂ ಇದನ್ನೇ ಮಾಡಬೇಕು, ಅವಸರದಲ್ಲಿ ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ.

ಎಡದ ಸ್ಪಿಂಡಲನ್ನು ಬಿಚ್ಚಿಸಿ ತನ್ನಿ, ಬಲದ್ದು ಬೇಡ. ಅದರ ಪ್ಲೇಟನ್ನು ಸರ್ಫೇಸ್ ಪ್ಲೇಟಿನ (ನಿಖರವಾಗಿ ಸಮತಟ್ಟಾದ ಅಳತೆಯ ಹಲಗೆ) ಮೇಲೆ ಕೂರಿಸಿ, ಮೇಲಕ್ಕೆ ನಿಂತ ದಂಡು ಪ್ಲೇಟಿಗೆ ಲಂಬವಾಗಿದೆಯೇ ಎಂದು ಸಣ್ಣ ವ್ಯತ್ಯಾಸವನ್ನೂ ತೋರಿಸುವ ಡಯಲ್ ಗೇಜಿನಲ್ಲಿ ನೋಡಿದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಲೆಕ್ಕ ಹೀಗಿದೆ: ಎಡಬಲ ಟೋ ವ್ಯತ್ಯಾಸ 0.57 ಡಿಗ್ರಿ, ಕ್ಯಾಂಬರ್ ವ್ಯತ್ಯಾಸ 0.9 ಡಿಗ್ರಿ. ಇವೆರಡೂ ಒಂದಕ್ಕೊಂದು ಲಂಬ ದಿಕ್ಕಿನವು, ಆದ್ದರಿಂದ ನೇರ ಕೂಡದೆ ಎರಡರ ವರ್ಗಗಳ ಮೊತ್ತದ ವರ್ಗಮೂಲ ತೆಗೆದರೆ ಒಟ್ಟು ಓರೆ ಸುಮಾರು 1.07 ಡಿಗ್ರಿ. ಇಡೀ ದೋಷ ಸ್ಪಿಂಡಲಿನಲ್ಲೇ ಇದ್ದರೆ 60 ಮಿ.ಮೀ. ಉದ್ದದಲ್ಲಿ 1.1 ಮಿ.ಮೀ. ವಾಲು ಕಾಣಬೇಕು. ತುದಿ ಮುಂದಕ್ಕೂ ಕೆಳಕ್ಕೂ ವಾಲಿರಬೇಕು, ಏಕೆಂದರೆ ಅಂಚುಕಲ್ಲು ಚಕ್ರದ ಮುಂಭಾಗವನ್ನೂ ಕೆಳಭಾಗವನ್ನೂ ಒಳಕ್ಕೆ ತಳ್ಳಿದೆ. ಸ್ಪಿಂಡಲ್ ನೇರವಾಗಿದ್ದರೆ ತೋಳಿನ ಪ್ಲೇಟು ಬಾಗಿದೆ ಎಂದರ್ಥ. ಆಗ ಆಕ್ಸಲ್ ಬದಲಿಸಬೇಕು, ಅಥವಾ ಓರೆ ಕಡಿಮೆಯಿದ್ದಲ್ಲಿ ಸ್ಪಿಂಡಲಿಗೂ ತೋಳಿಗೂ ನಡುವೆ ಇಡಲೆಂದೇ ತಯಾರಿಸಿದ, ಪೂರ್ತಿ ಮೇಲ್ಮೈಗೆ ತಾಗುವ ಓರೆದಪ್ಪದ ಶಿಮ್ (ತೆಳು ಬಿಲ್ಲೆ) ಹಾಕಬಹುದು. ಬೋಲ್ಟಿನ ಸಂದಿಗೆ ವಾಷರ್ ತುರುಕುವುದು ಶಿಮ್ ಹಾಕಿದಂತೆ ಅಲ್ಲ, ಅದು ಅಪಾಯ.

ಪ್ರಶ್ನೆ ಕೇಳಿದವರು

ಕೆಲಸ ಮುಗಿದಿದೆ, ವಿವರ ಬರೆಯುತ್ತಿದ್ದೇನೆ. ಸ್ಪಿಂಡಲ್ ಬಿಚ್ಚಿಸಿ ಪೀಣ್ಯಕ್ಕೆ ಕೊಂಡೊಯ್ದೆ. ಡಯಲ್ ಗೇಜಿನಲ್ಲಿ 60 ಮಿ.ಮೀ.ಗೆ 1.05 ಮಿ.ಮೀ. ವಾಲು ಬಂತು, ಹೇಳಿದ್ದ ದಿಕ್ಕಿನಲ್ಲೇ. ಕೈಯಲ್ಲಿ ಹಿಡಿದು ಎಷ್ಟು ನೋಡಿದರೂ ನನಗೆ ಅದು ನೇರವಾಗಿಯೇ ಕಾಣುತ್ತಿತ್ತು.

ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಹುಡುಕಿ ಹೊಸ ಸ್ಪಿಂಡಲ್ ತಂದೆ. ಅಷ್ಟು ಜೋರಾಗಿ ಬಡಿದದ್ದರಿಂದ ಬೇರಿಂಗನ್ನೂ ಬದಲಿಸಿದೆ, ಹಬ್ಬಿನ ನಟ್ ಕೂಡ ಹೊಸದೇ ಹಾಕಿಸಿ ಟಾರ್ಕ್ ರೆಂಚಿನಲ್ಲಿ ಬಿಗಿಸಿದೆ. ಕೂರಿಸುವ ಮೊದಲು ತೋಳಿನ ಪ್ಲೇಟಿನ ಮೇಲಿದ್ದ ತುಕ್ಕನ್ನು ಉಜ್ಜಿ ತೆಗೆಸಿದೆ. ಆಮೇಲೆ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದಾಗ ಹಿಂದಿನ ಎಡ ಟೋ 0.08, ಬಲ 0.05, ಕ್ಯಾಂಬರ್ ಎಡ −0.4, ಬಲ −0.5. ಥ್ರಸ್ಟ್ ಆಂಗಲ್ 0.015 ಡಿಗ್ರಿ. ಮುಂದಿನ ಟೈ ರಾಡ್‌ಗಳನ್ನು ಇದಕ್ಕೆ ಹೊಂದಿಸಿದ ಮೇಲೆ ನೈಸ್ ರಸ್ತೆಯಲ್ಲಿ ಸ್ಟೀರಿಂಗ್ ನೇರವಾಗಿ ನಿಂತಿತು.

ಹಿಂದೆ ಎರಡೂ ಹೊಸ ಟೈರು ಹಾಕಿಸಿದ್ದೇನೆ. 1000 ಕಿಲೋಮೀಟರಿಗೊಮ್ಮೆ ಒಳ, ನಡು, ಹೊರ ಆಳಗಳನ್ನು ಅಳೆದು ಇಲ್ಲಿಯೇ ಬರೆಯುತ್ತೇನೆ. ಇವತ್ತಿನ ಅಂಕಿ: ಎಡಕ್ಕೂ ಬಲಕ್ಕೂ ಮೂರು ಕಡೆ 7.8 ಮಿ.ಮೀ.